ರಿಬ್ ಮೇಲಿನ ಹೆಸರು, ನಳಿಗೆಯ ಉಕ್ಕು: ಹಳೆಯ ಅಮೆರಿಕನ್ ಕೋವಿಯ ಮೂಲ ಹುಡುಕುವ ಬಗೆ

ಪ್ರಶ್ನೆ: ನಾನು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿದ್ದೇನೆ. ಹರಾಜಿನಲ್ಲಿ ಪಾರ್ಕರ್ ಬ್ರದರ್ಸ್ ಕಂಪನಿಯ 12 ಬೋರಿನ, ವಿಎಚ್ ದರ್ಜೆಯ ಜೋಡಿ ನಳಿಗೆ ಕೋವಿಯೊಂದನ್ನು ಕೊಂಡೆ. ನಳಿಗೆಗಳ ನಡುವಿನ ಪಟ್ಟಿಯ (ರಿಬ್) ಮೇಲೆ ಕಂಪನಿಯ ಊರಾದ ಮೆರಿಡನ್ ಹೆಸರಿನ ಜೊತೆ ‘ವಲ್ಕನ್ ಸ್ಟೀಲ್’ ಎಂದು ಕೆತ್ತಿದೆ. ಈ ಉಕ್ಕು ಅಮೆರಿಕದ್ದೇ, ಬೆಲ್ಜಿಯಂನಿಂದ ಬಂದದ್ದೇ? ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆಯೇ? ಇಂದಿನ ತೋಟಾ ಹಾಕಿ ಹಾರಿಸಬಹುದೇ?

ಉತ್ತರ: ವಲ್ಕನ್ ಎನ್ನುವುದು ಪಾರ್ಕರ್‌ನವರು ತಮ್ಮ ಕೋವಿಯ ಒಂದು ದರ್ಜೆಗೆ ಇಟ್ಟುಕೊಂಡ ವ್ಯಾಪಾರದ ಹೆಸರು. ಹಾಗಾಗಿ ‘ವಲ್ಕನ್ ಕಾರ್ಖಾನೆ ಎಲ್ಲಿತ್ತು’ ಎಂದು ಹುಡುಕಲು ಹೊರಟರೆ ದಾರಿ ತಪ್ಪುತ್ತದೆ. ಪಾರ್ಕರ್ ಕೋವಿಗಳಲ್ಲಿ ಅಕ್ಷರ ದರ್ಜೆಯನ್ನು ಹೇಳುತ್ತದೆ, ಎಚ್ ಎಂದರೆ ಹೊರಗೆ ಕುದುರೆ (ಹೊಡೆಯುವ ಸುತ್ತಿಗೆ) ಕಾಣದ, ಒಳಸುತ್ತಿಗೆಯ ಕೋವಿ. ವಿ ದರ್ಜೆಗೆ ವಲ್ಕನ್, ಜಿ ದರ್ಜೆಗೆ ಪಾರ್ಕರ್ ಸ್ಪೆಷಲ್, ಡಿ ದರ್ಜೆಗೆ ಟೈಟಾನಿಕ್, ಸಿ ಮತ್ತು ಬಿ ದರ್ಜೆಗಳಿಗೆ ಆಕ್ಮೆ. ಅತಿ ದುಬಾರಿ ದರ್ಜೆಗಳಿಗೆ ಮೊದಲು ವಿಟ್‌ವರ್ತ್ ಉಕ್ಕು, ಮುಂದೆ ಪೀರ್‌ಲೆಸ್ ಎಂಬ ಹೆಸರು. ಎಲ್ಲಕ್ಕಿಂತ ಅಗ್ಗದ ಟ್ರೋಜನ್ ಕೊನೆಗೆ ಬಂತು. ಗಿರಾಕಿ ಕೊಟ್ಟ ಬೆಲೆಗೆ ತಕ್ಕ ಹೆಸರು ಪಟ್ಟಿಯ ಮೇಲೆ ಬೀಳುತ್ತಿತ್ತು. ಉಕ್ಕಿನ ಗಟ್ಟಿ ಯಾವ ಊರಿನಲ್ಲಿ ಎರಕಗೊಂಡಿತು ಎಂಬ ಪ್ರಶ್ನೆಗೂ ಆ ಹೆಸರಿಗೂ ನೇರ ಸಂಬಂಧವಿಲ್ಲ.

ಉಳಿದ ಕಂಪನಿಗಳೂ ಇದನ್ನೇ ಮಾಡಿದವು. ನ್ಯೂಯಾರ್ಕ್ ರಾಜ್ಯದ ಫುಲ್ಟನ್‌ನಲ್ಲಿ ಎಲ್.ಸಿ. ಸ್ಮಿತ್ ಕೋವಿ ತಯಾರಿಸುತ್ತಿದ್ದ ಹಂಟರ್ ಆರ್ಮ್ಸ್‌ನವರು ರಾಯಲ್, ಆರ್ಮರ್, ಲಂಡನ್, ಕ್ರೌನ್, ನೈಟ್ರೋ ಎಂದೆಲ್ಲ ಹೆಸರಿಟ್ಟರು. ‘ಲಂಡನ್ ಸ್ಟೀಲ್’ ಎಂಬ ಕೆತ್ತನೆಯೊಂದನ್ನೇ ನಂಬಿ ಅದನ್ನು ಇಂಗ್ಲೆಂಡಿನ ಉಕ್ಕೆಂದು ದಾಖಲೆಗೆ ಬರೆದುಕೊಳ್ಳುವುದು ತಪ್ಪು. ಸಂಗ್ರಾಹಕರ ಪಟ್ಟಿಗಳಲ್ಲಿ ಇಂಥ ತಪ್ಪುಗಳು ಒಂದರಿಂದ ಇನ್ನೊಂದಕ್ಕೆ ನಕಲಾಗಿ ಈಗ ಸತ್ಯದಂತೆ ಕೂತಿವೆ. ಇಂಗ್ಲೆಂಡಿನ ವಿಟ್‌ವರ್ತ್ ಮತ್ತು ಜರ್ಮನಿಯ ಕ್ರುಪ್ ಮಾತ್ರ ಬೇರೆ. ಅವು ನಿಜವಾದ ಉಕ್ಕಿನ ಕಾರ್ಖಾನೆಗಳ ಹೆಸರುಗಳು. ಆದರೂ ಅವನ್ನು ನಂಬಲು ಪಟ್ಟಿಯ ಮೇಲಿನ ಅಕ್ಷರ ಸಾಲದು, ನಳಿಗೆಯ ಮೈಮೇಲೆ ಕಾರ್ಖಾನೆಯ ಸ್ವಂತ ಮುದ್ರೆ ಇರಬೇಕು.

ಪ್ರಶ್ನೆಯಲ್ಲಿ ಬೆಲ್ಜಿಯಂ ಬಂದದ್ದಕ್ಕೆ ಕಾರಣವಿದೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಮೆರಿಕದ ಜೋಡಿ ನಳಿಗೆ ಕೋವಿಗಳ ಡಮಾಸ್ಕಸ್ (ಕಬ್ಬಿಣ-ಉಕ್ಕಿನ ಪಟ್ಟಿಗಳನ್ನು ತಿರುಚಿ ಬಡಿದ) ನಳಿಗೆಗಳು ಬಹುಪಾಲು ಬಂದದ್ದು ಲೀಜ್ ಪಟ್ಟಣದ ಸುತ್ತಮುತ್ತಲಿಂದ, ಅದರಲ್ಲೂ ವೆಸ್ದ್ರ್ ಹೊಳೆಯ ಕಣಿವೆಯ ನೆಸೊನ್‌ವೊ, ಫ್ರೆಪೊನ್, ತ್ರೂಜ್ ಮೊದಲಾದ ಹಳ್ಳಿಗಳಿಂದ. ಹೊಳೆಯ ನೀರಿನಿಂದ ನಡೆಯುವ ಸುತ್ತಿಗೆಗಳು, ತಲೆಮಾರುಗಳಿಂದ ನಳಿಗೆಯನ್ನೇ ಬಡಿದು ಬಂದ ಕುಟುಂಬಗಳು, ಕಡಿಮೆ ಕೂಲಿ, ಮೂರೂ ಅಲ್ಲಿದ್ದವು. ಇದರ ಜೊತೆಗೆ ಅಮೆರಿಕದ ಸುಂಕದ ಕಾಯ್ದೆಯೂ ಕೆಲಸ ಮಾಡಿತು. 1890ರ ಮೆಕಿನ್ಲಿ ಸುಂಕ ಕಾಯ್ದೆ ಹೊರಗಿನಿಂದ ಬರುವ ಸಿದ್ಧ ಜೋಡಿ ನಳಿಗೆ ಕೋವಿಯ ಮೇಲೆ ಬೆಲೆಗೆ ತಕ್ಕಂತೆ ಒಂದೂವರೆ, ನಾಲ್ಕು ಅಥವಾ ಆರು ಡಾಲರ್ ಹೇರಿ, ಅದರ ಮೇಲೆ ಶೇ. 35ರಷ್ಟು ಸುಂಕ ಸೇರಿಸಿತು. 1897ರ ಡಿಂಗ್ಲಿ ಕಾಯ್ದೆಯಾದರೋ ಬಡಿದು ಒರಟಾಗಿ ಕೊರೆದ, ಬಿಡಿಬಿಡಿ ಕೊಳವೆಗಳನ್ನು ಸುಂಕವಿಲ್ಲದ ಪಟ್ಟಿಯಲ್ಲಿಟ್ಟಿತು. ಸಿದ್ಧ ಕೋವಿ ತಂದರೆ ದಂಡ, ಒರಟು ಕೊಳವೆ ತಂದು ಇಲ್ಲೇ ಮುಗಿಸಿದರೆ ಲಾಭ. ಹೀಗಾಗಿ ‘ಅಮೆರಿಕದಲ್ಲಿ ತಯಾರಾದ ಕೋವಿ’, ‘ಬೆಲ್ಜಿಯಂನ ಕೊಳವೆ’ ಎಂಬ ಎರಡೂ ಮಾತು ಒಂದೇ ಕೋವಿಗೆ ನಿಜವಾಗಬಹುದು. ಕೊಳವೆಯನ್ನು ಕೊನೆಯ ಅಳತೆಗೆ ಕೊರೆಯುವುದು, ಹೊರಮೈ ಅರದಿಂದ ಇಳಿಸುವುದು, ತೋಟಾ ಕೂರುವ ಕೋಣೆ ಮಾಡುವುದು, ಬಾಯಿಯನ್ನು ತುಸು ಕಿರಿದಾಗಿಸಿ ಚೋಕ್ ಕೊಡುವುದು, ಜೋಡಿಸಿ ಪಟ್ಟಿ ಬೆಸೆಯುವುದು ಅಮೆರಿಕದ ಕೆಲಸ. ಅದಕ್ಕೆ ಮೊದಲಿನದು ಬೇರೆಯವರದು. ವಿಂಚೆಸ್ಟರ್‌ನಂಥ ದೊಡ್ಡ ಕಾರ್ಖಾನೆಗಳು ಒಂಟಿ ನಳಿಗೆಯ ಪಂಪ್ ಕೋವಿಗಳನ್ನು ರಾಶಿಗಟ್ಟಲೆ ಮಾಡುತ್ತಿದ್ದದ್ದರಿಂದ ಅವುಗಳ ದಾರಿ ಬೇರೆಯಾಗಿತ್ತು. ಅಲ್ಲಿ ಉಕ್ಕಿನ ಸಲಾಕೆ ತಂದು ತಾವೇ ಉರುಳಿಸಿ, ಕೊರೆದು ನಳಿಗೆ ಮಾಡುತ್ತಿದ್ದರು.

ನಿಮ್ಮದು ಡಮಾಸ್ಕಸ್ ಅಲ್ಲ, ಅಂದಿನ ಕ್ಯಾಟಲಾಗುಗಳು ‘ಫ್ಲೂಯಿಡ್ ಸ್ಟೀಲ್’ ಎಂದು ಕರೆದ ಜಾತಿ. ಅಂದರೆ ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ತಿರುಚಿ, ಕಂಬಿಗೆ ಸುತ್ತಿ, ಕುಲುಮೆಯಲ್ಲಿ ಬಡಿದು ಬೆಸೆದದ್ದಲ್ಲ. ಕರಗಿಸಿ ಎರೆದ ಗಟ್ಟಿಯಿಂದ ತೆಗೆದದ್ದು. ಈ ಹೆಸರಿನ ಬೇರು ಮ್ಯಾಂಚೆಸ್ಟರಿನ ಜೋಸೆಫ್ ವಿಟ್‌ವರ್ತ್ ಅವರಲ್ಲಿದೆ. ಎರಕ ಹೊಯ್ದ ಉಕ್ಕು ಗಟ್ಟಿಯಾಗುವ ಮೊದಲೇ ಅದನ್ನು ನೀರಿನೊತ್ತಡದ ಯಂತ್ರದಡಿ ಚದರ ಇಂಚಿಗೆ ಸುಮಾರು ಆರು ಟನ್ ಭಾರದಲ್ಲಿ ಹಿಂಡುವ ವಿಧಾನಕ್ಕೆ ಅವರು 1865ರಲ್ಲಿ ಪೇಟೆಂಟ್ ಪಡೆದರು. ಗಾಳಿಗುಳ್ಳೆಗಳು ಹೊರಬಿದ್ದು ಗಟ್ಟಿಯ ಉದ್ದ ಎಂಟರಲ್ಲೊಂದು ಭಾಗ ಕುಗ್ಗುತ್ತಿತ್ತು. ಆಗಿನ ಉಕ್ಕಿನ ದೊಡ್ಡ ಶಾಪವೇ ಈ ಗುಳ್ಳೆಗಳು. ಗಟ್ಟಿಯಲ್ಲಿ ಉಳಿದ ಗುಳ್ಳೆ ನಳಿಗೆಯಲ್ಲಿ ಉದ್ದನೆಯ ಸೀಳಾಗಿ ಕೂರುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಈಡಿನ ಒತ್ತಡ ಬಿದ್ದಾಗ ಅಲ್ಲೇ ಬಿರಿಯುತ್ತದೆ. ವಿಟ್‌ವರ್ತ್ ಹೆಸರಿಗೆ ಬಂದ ಬೆಲೆ ಸುಮ್ಮನೆ ಬಂದದ್ದಲ್ಲ. ಆದರೆ ಮುಂದೆ ‘ಫ್ಲೂಯಿಡ್’, ‘ಕಂಪ್ರೆಸ್ಡ್’ ಎಂಬ ಪದಗಳನ್ನು ಎಲ್ಲರೂ ಬಳಸಿದರು. ಆ ಪದ ಕಂಡ ಮಾತ್ರಕ್ಕೆ ಉಕ್ಕು ಆ ಯಂತ್ರದಡಿ ಹಾದುಬಂದಿದೆ ಎನ್ನುವಂತಿಲ್ಲ. ಅಮೆರಿಕದ ಬೆತ್ಲೆಹೆಮ್ ಐರನ್ ಕಂಪನಿಯೂ 1880ರ ದಶಕದ ಕೊನೆಯ ಹೊತ್ತಿಗೆ ವಿಟ್‌ವರ್ತ್ ಯಂತ್ರೋಪಕರಣ ತರಿಸಿಕೊಂಡಿತ್ತು. ಹಾಗಾಗಿ ಹಿಂಡಿದ ಉಕ್ಕೆಂದರೆ ಇಂಗ್ಲೆಂಡಿನದೇ ಎಂಬ ವಾದವೂ ನಿಲ್ಲುವುದಿಲ್ಲ.

ಇಸವಿಗಳಲ್ಲಿ ಅತಿ ಉಪಯುಕ್ತವಾದದ್ದು 1914. ಆ ವರ್ಷದ ಆಗಸ್ಟ್ 4ರಂದು ಜರ್ಮನ್ ಸೇನೆ ಬೆಲ್ಜಿಯಂ ಹೊಕ್ಕಿತು, ತಿಂಗಳ ನಡುವಿಗೆ ಲೀಜ್‌ನ ಕೋಟೆಗಳು ಬಿದ್ದವು. ಕೊಳವೆಯ ವ್ಯಾಪಾರ ನಿಂತಿತು. ಎಸ್ಸೆನ್‌ನ ಕ್ರುಪ್ ಉಕ್ಕಿಗೂ ಬ್ರಿಟಿಷ್ ನೌಕಾ ದಿಗ್ಬಂಧನದಿಂದ ದಾರಿ ಮುಚ್ಚಿತು. ಫಿಲಡೆಲ್ಫಿಯಾದ ಎ.ಎಚ್. ಫಾಕ್ಸ್ ಕೋವಿಗಳಲ್ಲಿ ಕ್ರುಪ್ ಹೆಸರು ಹೋಗಿ ಕ್ರೋಮಾಕ್ಸ್ ಎಂಬ ಹೆಸರು ನೆಲೆಯಾದದ್ದು ಈ ಆಸುಪಾಸಿನಲ್ಲೇ. ಯುದ್ಧದ ವರ್ಷಗಳಲ್ಲಿ ಹೊಸದಾಗಿ ತರಿಸಿದ ಉಕ್ಕಿನ ಕೋವಿಯಾದರೆ ಅದು ಬಹುತೇಕ ಅಮೆರಿಕದ ಗಿರಣಿಯದು. ಒಂದು ಎಚ್ಚರ: ಕಾರ್ಖಾನೆಗಳು ಒರಟು ಕೊಳವೆಗಳನ್ನು ಕಟ್ಟುಕಟ್ಟಾಗಿ ತರಿಸಿ ಗೋದಾಮಿನಲ್ಲಿ ಇಟ್ಟುಕೊಳ್ಳುತ್ತಿದ್ದವು. 1916ರ ಕೋವಿಯಲ್ಲಿ 1912ರ ಕೊಳವೆ ಇರಲು ಯಾವ ಅಡ್ಡಿಯೂ ಇಲ್ಲ. ಕೋವಿ ಹೊರಬಿದ್ದ ತಾರೀಖು ಉಕ್ಕು ಎರಕಗೊಂಡ ತಾರೀಖಿಗಿಂತ ಯಾವಾಗಲೂ ತಡ. ಎಷ್ಟು ತಡ ಎಂಬುದನ್ನು ಕೋವಿಯೊಂದೇ ಹೇಳಲಾರದು.

ಈಗ ಕೆಲಸಕ್ಕೆ ಬರೋಣ. ಮೊದಲು ನೋಡಬೇಕಾದದ್ದು ನಳಿಗೆಗಳು ಈ ಕೋವಿಯವೇ ಎಂಬುದನ್ನು. ಕೋವಿ ಖಾಲಿ ಇದೆಯೆಂದು ಎರಡು ಸಲ ಖಚಿತಪಡಿಸಿಕೊಂಡು ಬಿಚ್ಚಿ. ಸರಣಿ ಸಂಖ್ಯೆ ಆಕ್ಷನ್ನಿನ (ನಳಿಗೆ ಕೂರುವ, ಹೊಡೆಯುವ ಯಂತ್ರವಿರುವ ಲೋಹದ ಭಾಗದ) ಚಪ್ಪಟೆಯಲ್ಲಿ, ನಳಿಗೆಯ ಕೆಳಗಿನ ಲಂಪ್ (ಆಕ್ಷನ್ನಿಗೆ ಸಿಕ್ಕಿಕೊಳ್ಳುವ ಗೂಟ) ಅಥವಾ ಅದರ ಪಕ್ಕದ ಚಪ್ಪಟೆಯಲ್ಲಿ, ಮುಂಗೈ ಹಿಡಿಯುವ ಮರದ ತುಂಡಿನ ಒಳಗಿನ ಕಬ್ಬಿಣದಲ್ಲಿ ಇರುತ್ತದೆ. ಮೂರೂ ಒಂದೇ ಆಗಿರಬೇಕು. ಡಮಾಸ್ಕಸ್ ನಳಿಗೆಯ ಕೋವಿಯನ್ನು ವರ್ಷಗಳ ಮೇಲೆ ಕಾರ್ಖಾನೆಗೆ ಕಳಿಸಿ ಹೊಸ ಉಕ್ಕಿನ ನಳಿಗೆ ಹಾಕಿಸಿಕೊಂಡವರು ಅನೇಕರಿದ್ದರು. ಅಂಥದರಲ್ಲಿ ಆಕ್ಷನ್ ಒಂದು ಕಾಲದ್ದು, ನಳಿಗೆ ಇನ್ನೊಂದು ಕಾಲದ್ದು. ಪಾರ್ಕರ್ ವ್ಯವಹಾರ 1934ರಲ್ಲಿ ರೆಮಿಂಗ್ಟನ್ ಕಂಪನಿಯ ಕೈಗೆ ಹೋಯಿತು, ತಯಾರಿಕೆ ಆಮೇಲೆ ನ್ಯೂಯಾರ್ಕ್ ರಾಜ್ಯದ ಇಲಿಯನ್ ಊರಿಗೆ ಸಾಗಿತು. ಆ ನಂತರ ಹಾಕಿಸಿದ ನಳಿಗೆಯಾಗಿದ್ದರೆ ಮೇಲೆ ಹೇಳಿದ ಬೆಲ್ಜಿಯಂ ಚರ್ಚೆಯೇ ನಿಮ್ಮ ಕೋವಿಗೆ ಅನ್ವಯಿಸುವುದಿಲ್ಲ. ಇದೇ ಹೊತ್ತಿನಲ್ಲಿ ಸ್ಲೀವ್ ಮಾಡಿಸಿದ ನಳಿಗೆಯೇ ಎಂದೂ ನೋಡಿ. ತೋಟಾ ಕೋಣೆಯಿಂದ ಸ್ವಲ್ಪ ಮುಂದೆ, ಬಹುಮಟ್ಟಿಗೆ ಮೂರು ಇಂಚಿನ ಆಸುಪಾಸಿನಲ್ಲಿ, ನಳಿಗೆಯ ಸುತ್ತ ಕೂದಲೆಳೆಯಷ್ಟು ಸಣ್ಣ ಗೆರೆ ಕಂಡರೆ ಹಳೆಯ ನಳಿಗೆಯನ್ನು ಅಲ್ಲಿ ಕತ್ತರಿಸಿ ಹೊಸ ಕೊಳವೆ ಕೂರಿಸಿದ್ದಾರೆ ಎಂದರ್ಥ. ಬ್ರೀಚಿನ (ನಳಿಗೆಯ ಹಿಂತುದಿಯ) ಹತ್ತಿರ ಸಿಗುವ ಎಲ್ಲ ಹಳೆಯ ಮುದ್ರೆಗಳೂ ಆಗ ನಿಜ, ಆದರೆ ಮುಂದಿನ ನಳಿಗೆಗೆ ಅವು ಸೇರಿದವಲ್ಲ.

ಮುದ್ರೆಗಳಿರುವುದು ಮುಂಗೈಯ ಮರದ ಹಿಡಿಯ ಅಡಿಯಲ್ಲಿ, ಬ್ರೀಚಿನಿಂದ ಆರೆಂಟು ಇಂಚಿನೊಳಗೆ. ಹತ್ತಿ ಬಟ್ಟೆಗೆ ಅಸಿಟೋನ್ ಹಚ್ಚಿ ಹಳೆಯ ಎಣ್ಣೆಯ ಪದರ ತೆಗೆಯಿರಿ. ಮರಳು ಕಾಗದ, ಉಕ್ಕಿನ ನಾರು ಬೇಡ. ಆಳವಿಲ್ಲದ ಅಕ್ಷರ ಉಜ್ಜಿದರೆ ಹೋಗಿಬಿಡುತ್ತದೆ. ಕತ್ತಲ ಕೋಣೆಯಲ್ಲಿ ಬೆಳಕನ್ನು ಒಂದು ಪಕ್ಕದಿಂದ, ಹತ್ತರಿಂದ ಹದಿನೈದು ಡಿಗ್ರಿಯಷ್ಟು ತಗ್ಗಾಗಿ ಹಿಡಿದು, ನಳಿಗೆಯನ್ನು ನಿಧಾನ ತಿರುಗಿಸುತ್ತ ಫೋಟೊ ತೆಗೆಯಿರಿ. ಒಂದೇ ಮುದ್ರೆಗೆ ನಾಲ್ಕು ದಿಕ್ಕಿನ ಬೆಳಕಿನ ಚಿತ್ರ ಬೇಕು, ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ಕೊಳವೆಯ ಹೊರಮೈಯನ್ನು ಅರದಿಂದ ಇಳಿಸುವಾಗ ತಯಾರಕನ ಮುದ್ರೆ ಅರ್ಧ ಅಳಿದಿರುವುದೇ ಹೆಚ್ಚು. ಬೆಲ್ಜಿಯಂನ ಕೊಳವೆ ತಯಾರಕನೊಬ್ಬನ ‘ಎಲ್‌ಎಲ್‌ಎಚ್’ ಮುದ್ರೆಯ ಬದಲು ಒಂದು ಎಲ್ ಮತ್ತು ಎಚ್‌ನ ಅರ್ಧ ಕಂಬ ಮಾತ್ರ ಕಾಣಬಹುದು. ಎರಡೂ ನಳಿಗೆಗಳ ಮೇಲೆ ಒಂದೇ ಮುದ್ರೆ ಬೇರೆ ಬೇರೆ ಭಾಗದಲ್ಲಿ ಉಳಿದಿರಬಹುದಾದ್ದರಿಂದ ಎರಡನ್ನೂ ಪಕ್ಕದಲ್ಲಿಟ್ಟು ಓದಿ.

ಮುದ್ರೆ ಪಟ್ಟಿಯ ಅಡಿ ಅಡಗಿದೆ ಎಂದು ಯಾರಾದರೂ ಪಟ್ಟಿ ಕೀಳಲು ಹೇಳಿದರೆ ಒಪ್ಪಬೇಡಿ. ನಳಿಗೆಗಳನ್ನೂ ಪಟ್ಟಿಯನ್ನೂ ಹಿಡಿದಿರುವುದು ತವರ-ಸೀಸದ ಮೆದು ಬೆಸುಗೆ. ಒಂದು ಕಡೆ ಬಿಡಿಸಿದರೆ ಇಡೀ ಉದ್ದಕ್ಕೂ ಸಡಿಲವಾಗುತ್ತದೆ, ಮತ್ತೆ ಜೋಡಿಸಿದಾಗ ಎರಡು ನಳಿಗೆಗಳ ಗುರಿ ಒಂದೇ ಜಾಗಕ್ಕೆ ಬರುವಂತೆ ಮಾಡಬಲ್ಲ ಕೈಗಳು ಈಗ ಬಹಳ ಕಡಿಮೆ. ಇದೇ ಕಾರಣಕ್ಕೆ ಬಣ್ಣ ಮಾಸಿದೆಯೆಂದು ಬಿಸಿ ಕಾಸ್ಟಿಕ್ ಉಪ್ಪಿನ ತೊಟ್ಟಿಯಲ್ಲಿ ಅದ್ದಿಸಲೂ ಬೇಡಿ. ಆ ದ್ರಾವಣ ಬೆಸುಗೆಯನ್ನೇ ತಿನ್ನುತ್ತದೆ. ಇಂಥ ನಳಿಗೆಗೆ ನಿಧಾನವಾಗಿ ತುಕ್ಕು ಬರಿಸಿ, ಕುದಿಸಿ, ಉಜ್ಜಿ ಕಪ್ಪಾಗಿಸುವ ಹಳೆಯ ಕ್ರಮವೇ ಸರಿ.

ಸಿಕ್ಕ ಗುರುತುಗಳನ್ನು ಓದುವಾಗ ಮೊದಲು ಬೇಡದವನ್ನು ಬೇರ್ಪಡಿಸಿ. ಪಾರ್ಕರ್ ನಳಿಗೆಯ ಚಪ್ಪಟೆಯ ಮೇಲೆ ದೊಡ್ಡ 4, ಅದರ ಮೇಲ್ಪಕ್ಕಕ್ಕೆ ಸಣ್ಣ 2 ಇದ್ದರೆ ಅದು ಹೊರಮೈ ಇಳಿಸುವ ಮೊದಲು ನಳಿಗೆಜೋಡಿ ತೂಗುತ್ತಿದ್ದ ನಾಲ್ಕು ಪೌಂಡು ಎರಡು ಔನ್ಸು. ಲಂಪಿನ ಮೇಲಿನ ಒಂಟಿ ಅಂಕಿ ಫ್ರೇಮಿನ (ಆಕ್ಷನ್ ಚೌಕಟ್ಟಿನ) ಗಾತ್ರ. ಇವನ್ನು ಉಕ್ಕಿನ ಸಂಕೇತವೆಂದು ಓದಿ ಬರೆದ ಲೇಖನಗಳೂ ಇವೆ. ಒಂಟಿ ಅಕ್ಷರಗಳು ಬಹುತೇಕ ಕಾರ್ಖಾನೆಯ ಕೆಲಸಗಾರರ ಅಥವಾ ತಪಾಸಣೆಯವರ ಗುರುತು.

ಬೇಕಾದ ಗುರುತುಗಳು ಕೆಲವೇ. ಗೋಧಿಯ ಕಟ್ಟಿನ ಚಿತ್ರ ಮತ್ತು ಕೊಳವೆಗೊಂದು ಸಂಖ್ಯೆ ಇದ್ದರೆ ವಿಟ್‌ವರ್ತ್. ಒಂದಕ್ಕೊಂದು ಹೊಸೆದ ಮೂರು ಉಂಗುರ ಕ್ರುಪ್‌ನ ಲಾಂಛನ, 1875ರಿಂದ ಬಳಕೆಯಲ್ಲಿದೆ. ಜೊತೆಗೆ ‘ಕ್ರುಪ್ ಎಸ್ಸೆನ್’, ‘ಫ್ಲುಸ್‌ಸ್ಟಾಲ್’ ಎಂಬ ಬರಹ ಇರಬಹುದು. ‘ಆಸಿಯೆ ಕಾಕರಿಲ್’ ಎಂದಿದ್ದರೆ ಲೀಜ್ ಪಕ್ಕದ ಸೆರೆಂಗ್‌ನ ಜಾನ್ ಕಾಕರಿಲ್ ಕಾರ್ಖಾನೆಯ ಉಕ್ಕು. ‘ಎಲ್‌ಎಲ್‌ಎಚ್’ ಎಂಬುದು ಬೆಲ್ಜಿಯಂನ ಕೊಳವೆ ತಯಾರಕ ಲೊರಾನ್ ಲೊಶೆ-ಹಾಬ್ರಾನ್ ಅವರದು, ಅಮೆರಿಕದ ಒಂದಕ್ಕಿಂತ ಹೆಚ್ಚು ಕಂಪನಿಗಳ ಕೋವಿಗಳಲ್ಲಿ ಕಾಣಸಿಗುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಕೊಳವೆ ತಯಾರಕನ ಮುದ್ರೆ ಕೊಳವೆ ಎಲ್ಲಿ ರೂಪಗೊಂಡಿತು ಎನ್ನುತ್ತದೆ, ಉಕ್ಕಿನ ಕಾರ್ಖಾನೆಯ ಮುದ್ರೆ ಲೋಹ ಎಲ್ಲಿ ಕರಗಿತು ಎನ್ನುತ್ತದೆ. ಬೆಲ್ಜಿಯಂನ ತಯಾರಕ ಜರ್ಮನಿಯ ಸಲಾಕೆ ಕೊಂಡು ಕೊರೆದಿದ್ದರೆ ಎರಡು ದೇಶಗಳ ಹೆಸರು ಒಂದೇ ಕೊಳವೆಗೆ ಸಲ್ಲುತ್ತವೆ. ನಿಮ್ಮ ಟಿಪ್ಪಣಿಯಲ್ಲಿ ಇವೆರಡಕ್ಕೆ ಬೇರೆ ಬೇರೆ ಕಲಂ ಇರಲಿ.

ಅಮೆರಿಕದಲ್ಲಿ ಸರ್ಕಾರಿ ಪ್ರೂಫ್ ಕಾಯ್ದೆ, ಅಂದರೆ ಕೋವಿಯನ್ನು ಹೆಚ್ಚಿನ ಒತ್ತಡದಲ್ಲಿ ಹಾರಿಸಿ ಪರೀಕ್ಷಿಸಿ ಮುದ್ರೆ ಒತ್ತಬೇಕೆಂಬ ಕಾಯ್ದೆ, ಇರಲಿಲ್ಲ, ಆದ್ದರಿಂದ ನಿಮ್ಮ ಕೋವಿಯಲ್ಲಿ ಬರ್ಮಿಂಗ್‌ಹ್ಯಾಮ್ ಅಥವಾ ಲೀಜ್ ಮಾದರಿಯ ಪೂರ್ಣ ಪ್ರೂಫ್ ಮುದ್ರೆ ಇಲ್ಲದಿರುವುದು ಸಹಜ, ಅದು ಕೊರತೆಯಲ್ಲ. ಅಂಡಾಕಾರದೊಳಗೆ ‘ಇಎಲ್‌ಜಿ’ ಎಂಬ ಮುದ್ರೆ ಇದ್ದರೆ ಅದು ಬೆಲ್ಜಿಯಂನಲ್ಲೇ ಪೂರ್ತಿಗೊಂಡ ಕೋವಿಯ ಲಕ್ಷಣ. ಅಮೆರಿಕನ್ ಹೆಸರಿನ ಕೋವಿಯಲ್ಲಿ ಕಂಡರೆ ಹೆಸರನ್ನೇ ಅನುಮಾನಿಸಬೇಕು. ಬ್ರಿಟಿಷ್ ಪ್ರೂಫ್ ಕಂಡರೆ ಕೋವಿ ಎಂದೋ ಬ್ರಿಟನ್ನಿಗೆ ಹೋಗಿ ಮಾರಾಟವಾಗಿದೆ ಎಂದಷ್ಟೇ ಅರ್ಥ, ಉಕ್ಕಿನ ಬಗ್ಗೆ ಅದು ಏನೂ ಹೇಳುವುದಿಲ್ಲ.

ಪಟ್ಟಿಯಲ್ಲಿ ಏನೇ ಬರೆದಿರಲಿ, ನಳಿಗೆ ನಿಜವಾಗಿ ಏಕರೂಪದ ಉಕ್ಕೇ ಎಂಬುದನ್ನು ಒಂದು ಸಣ್ಣ ಪರೀಕ್ಷೆಯಿಂದ ತಿಳಿಯಬಹುದು. ಮರದ ಹಿಡಿಯ ಅಡಿಯಲ್ಲಿ ಕಿರುಬೆರಳ ಉಗುರಿನಷ್ಟು ಜಾಗವನ್ನು 600 ನಂಬರಿನ ಕಾಗದದಿಂದ ಹೊಳಪಿಸಿ, ಮುದ್ರೆಗಳಿಂದ ದೂರದಲ್ಲಿ, ನೀರಿನಲ್ಲಿ ತೆಳುವಾಗಿಸಿದ ಫೆರಿಕ್ ಕ್ಲೋರೈಡನ್ನು ಹತ್ತಿಯ ಕಡ್ಡಿಯಿಂದ ಅರ್ಧ ನಿಮಿಷ ಹಚ್ಚಿ. ಅಡುಗೆ ಸೋಡಾದ ನೀರಿನಿಂದ ತೊಳೆದು, ಒರೆಸಿ, ಎಣ್ಣೆ ಹಚ್ಚಿ. ಡಮಾಸ್ಕಸ್ ಆದರೆ ಸುರುಳಿ ಸುರುಳಿ ಗೆರೆ ಏಳುತ್ತದೆ. ಏಕರೂಪದ ಉಕ್ಕು ಬರೀ ಬೂದಿ ಬಣ್ಣಕ್ಕೆ ತಿರುಗುತ್ತದೆ. ಹೊರಗಿನಿಂದ ಡಮಾಸ್ಕಸ್ ಚಿತ್ತಾರ ಕಂಡರೂ ಇಲ್ಲಿ ಗೆರೆ ಏಳದಿದ್ದರೆ, ಅಗ್ಗದ ಕೋವಿಗಳಲ್ಲಿ ಸಾದಾ ಉಕ್ಕಿನ ಮೇಲೆ ಅಚ್ಚೊತ್ತುತ್ತಿದ್ದ ಹುಸಿ ಚಿತ್ತಾರ ಅದು.

ಕನ್ನಡದ ಓದುಗರಿಗೆ ಇಲ್ಲೊಂದು ಗೊಂದಲ ಬರಬಹುದು. ಕೋವಿಯ ಡಮಾಸ್ಕಸ್ ನಳಿಗೆಗೂ ಡಮಾಸ್ಕಸ್ ಕತ್ತಿಗಳ ಮಾತಿನಲ್ಲಿ ಬರುವ ನಮ್ಮ ದಕ್ಷಿಣದ ಮೂಸೆ ಉಕ್ಕಿಗೂ ನಂಟಿಲ್ಲ. ಮೈಸೂರು ಸೀಮೆಯಲ್ಲಿ ಮಣ್ಣಿನ ಮೂಸೆಯೊಳಗೆ ಕಬ್ಬಿಣ, ಕಟ್ಟಿಗೆ, ಎಲೆ ಇಟ್ಟು ಕರಗಿಸುತ್ತಿದ್ದದ್ದನ್ನು 1800–01ರ ಪ್ರವಾಸದಲ್ಲಿ ಫ್ರಾನ್ಸಿಸ್ ಬುಕಾನನ್ ಕಂಡು ದಾಖಲಿಸಿದ್ದಾರೆ. ಅದರ ಚಿತ್ತಾರ ಲೋಹ ಹೆಪ್ಪುಗಟ್ಟುವಾಗ ಒಳಗೇ ಮೂಡುವಂಥದು. ಲೀಜ್‌ನ ನಳಿಗೆಯದು ಪಟ್ಟಿಗಳನ್ನು ಪೇರಿಸಿ ತಿರುಚಿ ಬಡಿದು ತಂದದ್ದು.

ಲೋಹದ ಮೇಲೆ ಏನೂ ಸಿಗದಿದ್ದರೆ ಕಾಗದಕ್ಕೆ ಹೋಗಬೇಕು. ಪಾರ್ಕರ್ ಕೋವಿಗಳ ಸಂಗ್ರಾಹಕರ ಸಂಘ ಸರಣಿ ಸಂಖ್ಯೆ ಕೊಟ್ಟರೆ ಉಳಿದಿರುವ ಆರ್ಡರ್ ಪುಸ್ತಕಗಳಿಂದ ಪತ್ರ ಮಾಡಿಕೊಡುತ್ತದೆ: ಯಾವ ದರ್ಜೆ, ಯಾವ ಉಕ್ಕು, ನಳಿಗೆಯ ಉದ್ದ, ಯಾರಿಗೆ ಯಾವಾಗ ಹೋಯಿತು, ಮುಂದೆ ರಿಪೇರಿಗೆ ಬಂತೇ ಎಂಬುದು. ಕೊನೆಯದೇ ಮುಖ್ಯ, ಏಕೆಂದರೆ ನಳಿಗೆ ಬದಲಾದದ್ದು ಅಲ್ಲೇ ಸಿಕ್ಕಿಬೀಳುತ್ತದೆ. ಎಲ್.ಸಿ. ಸ್ಮಿತ್, ವಿಂಚೆಸ್ಟರ್, ಮಾರ್ಲಿನ್ ದಾಖಲೆಗಳು ವಯೋಮಿಂಗ್‌ನ ಕೋಡಿಯಲ್ಲಿರುವ ಬಫಲೋ ಬಿಲ್ ಸೆಂಟರಿನಲ್ಲಿವೆ. ಪಾರ್ಕರ್ ಸಂಘದ ಪತ್ರ ‘ವಲ್ಕನ್’ ಎಂದೇ ಹೇಳುತ್ತದೆ, ಗಿರಣಿಯ ಹೆಸರು ಹೇಳುವುದಿಲ್ಲ. ಗಿರಣಿಯ ಕಡೆಗೆ ಹೋಗುವ ಕಾಗದಗಳೆಂದರೆ ಸುಂಕದ ದಾಖಲೆಗಳು, ಲೀಜ್‌ನ ಅಮೆರಿಕನ್ ಕಾನ್ಸುಲರ ವರದಿಗಳು, ಕಬ್ಬಿಣ-ಉಕ್ಕು ವ್ಯಾಪಾರದ ಅಂದಿನ ವಾರಪತ್ರಿಕೆಗಳ ಜಾಹೀರಾತು. 1909ರ ಸುಂಕ ಪರಿಷ್ಕರಣೆಗೆ ಮುನ್ನ, 1908–09ರಲ್ಲಿ ಅಮೆರಿಕದ ಕೆಳಮನೆಯ ವೇಸ್ ಅಂಡ್ ಮೀನ್ಸ್ ಸಮಿತಿ ನಡೆಸಿದ ವಿಚಾರಣೆಯ ಸಂಪುಟಗಳನ್ನು ಬಿಡಬೇಡಿ. ಸುಂಕ ಏರಬೇಕೋ ಇಳಿಯಬೇಕೋ ಎಂದು ವಾದಿಸುವ ವ್ಯಾಪಾರಿ ತನ್ನ ಮಾಲು ಎಲ್ಲಿಂದ ಬರುತ್ತದೆ ಎಂಬುದನ್ನು ಕ್ಯಾಟಲಾಗಿನಲ್ಲಿ ಹೇಳದಷ್ಟು ಬಿಚ್ಚಿ ಹೇಳುತ್ತಾನೆ. ಆದರೂ ಅವನು ಪಕ್ಷ ಹಿಡಿದು ಮಾತಾಡುತ್ತಿದ್ದಾನೆ ಎಂಬ ನೆನಪಿರಲಿ.

ಲ್ಯಾಬಿನ ವಿಷಯ. ಇಲ್ಲಿ ಹಣ ಕಳೆದುಕೊಳ್ಳುವವರೇ ಹೆಚ್ಚು, ಅದಕ್ಕೇ ವಿವರವಾಗಿ ಹೇಳುತ್ತೇನೆ. ರಾಸಾಯನಿಕ ಪರೀಕ್ಷೆ ಉಕ್ಕು ಹೇಗೆ ತಯಾರಾಯಿತು, ಸರಿಸುಮಾರು ಯಾವ ಕಾಲದ್ದು ಎಂಬುದನ್ನು ಹೇಳಬಲ್ಲದು. ಯಾವ ದೇಶದ್ದು ಎಂಬುದನ್ನು ಅದೊಂದೇ ಹೇಳಲಾರದು. 1900ರ ಹೊತ್ತಿಗೆ ತೆರೆದೊಲೆಯ (ಓಪನ್ ಹಾರ್ತ್ ಕುಲುಮೆಯ) ಸಾದಾ ಇಂಗಾಲದ ಉಕ್ಕನ್ನು ಶೆಫೀಲ್ಡ್, ಎಸ್ಸೆನ್, ಸೆರೆಂಗ್, ಪಿಟ್ಸ್‌ಬರ್ಗ್ ಎಲ್ಲೆಡೆಯೂ ಒಂದೇ ಬಗೆಯಲ್ಲಿ ಮಾಡುತ್ತಿದ್ದರು.

ಕೈಯಲ್ಲಿ ಹಿಡಿದು ಬಳಸುವ, ಎಕ್ಸ್-ಕಿರಣ ಬಿಟ್ಟು ಲೋಹಗಳನ್ನು ಗುರುತಿಸುವ ಎಕ್ಸ್‌ಆರ್‌ಎಫ್ ಯಂತ್ರ ಅಗ್ಗ, ಗುರುತೂ ಉಳಿಸುವುದಿಲ್ಲ. ಮ್ಯಾಂಗನೀಸ್, ನಿಕ್ಕಲ್, ಕ್ರೋಮಿಯಂ, ಮಾಲಿಬ್ಡಿನಂ, ತಾಮ್ರ ಚೆನ್ನಾಗಿ ಅಳೆಯುತ್ತದೆ. ಆದರೆ ಇಂಗಾಲವನ್ನು ಅದು ಅಳೆಯುವುದೇ ಇಲ್ಲ, ರಂಜಕ ಮತ್ತು ಗಂಧಕ ತೀರ ಕಡಿಮೆ ಇದ್ದಾಗ ಅದರ ಅಂಕಿ ನಂಬುವಂಥದಲ್ಲ. ಉಕ್ಕಿನ ಪರೀಕ್ಷೆ ಎಂದು ಎಕ್ಸ್‌ಆರ್‌ಎಫ್ ಚೀಟಿಯೊಂದನ್ನೇ ಕೊಟ್ಟರೆ ಅರ್ಧ ಕೆಲಸವಾಗಿದೆ ಎಂದೇ ತಿಳಿಯಿರಿ. ಇಂಗಾಲ ಬೇಕಾದರೆ ಕಿಡಿ ಹಾರಿಸಿ ಬೆಳಕು ಓದುವ ಓಇಎಸ್ ಅಥವಾ ಲೇಸರಿನ ಲಿಬ್ಸ್ ಯಂತ್ರ ಬೇಕು, ಅದೂ ಆರ್ಗಾನ್ ಅನಿಲದ ಹೊದಿಕೆಯಲ್ಲಿ. ಓಇಎಸ್ ಕೆಲವು ಮಿಲಿಮೀಟರ್ ಅಗಲದ ಸುಟ್ಟ ಕಲೆ ಬಿಡುತ್ತದೆ, ಮಟ್ಟಸ ಜಾಗ ಕೇಳುತ್ತದೆ. ಲಿಬ್ಸ್ ಬಿಡುವ ಕುಳಿ ಅದಕ್ಕಿಂತ ಬಹಳ ಸಣ್ಣದು, ಬಾಗಿದ ಮೈಗೂ ಹೊಂದುತ್ತದೆ.

ಎಲ್ಲಿ ಅಳೆಯಬೇಕು ಎಂಬುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಮಟ್ಟಸವಾಗಿದೆಯೆಂದು ಲ್ಯಾಬಿನವರು ಬ್ರೀಚಿನ ಅಡಿಯ ಲಂಪನ್ನೇ ಆಯ್ದುಕೊಳ್ಳುತ್ತಾರೆ. ಅನೇಕ ಜೋಡಿ ನಳಿಗೆ ಕೋವಿಗಳಲ್ಲಿ ಲಂಪ್ ಬೇರೆಯದೇ ತುಂಡು, ಹಿತ್ತಾಳೆ ಬೆಸುಗೆಯಿಂದ ಕೊಳವೆಗಳ ನಡುವೆ ಕೂರಿಸಿದ್ದು. ಆಗ ಬರುವ ಫಲಿತಾಂಶ ಲಂಪಿನದು, ನಳಿಗೆಯದಲ್ಲ. ಬೆಸುಗೆಯ ಹತ್ತಿರ ಅಳೆದರೆ ತಾಮ್ರ-ಸತು, ಪಟ್ಟಿಯ ಪಕ್ಕ ಅಳೆದರೆ ತವರ-ಸೀಸ ಸೇರಿಕೊಳ್ಳುತ್ತವೆ. ವರದಿಯಲ್ಲಿ ತವರವೋ ಸತುವೋ ಕಂಡರೆ ಜಾಗ ತಪ್ಪಿದೆ ಎಂದು ಅಲ್ಲೇ ಗೊತ್ತಾಗುತ್ತದೆ. ಮರದ ಹಿಡಿಯ ಅಡಿ, ಪಟ್ಟಿಯಿಂದ ಕನಿಷ್ಠ 10 ಮಿಲಿಮೀಟರ್ ದೂರದಲ್ಲಿ, ಕಪ್ಪುಬಣ್ಣ ತೆಗೆದ 8 ಮಿಲಿಮೀಟರ್ ಜಾಗದಲ್ಲಿ, ಒಂದೊಂದು ನಳಿಗೆಗೂ ಮೂರು ಸಲ ಅಳೆಯಲು ಹೇಳಿ. ಅದೇ ದಿನ, ಅದೇ ಯಂತ್ರದಲ್ಲಿ ಪ್ರಮಾಣಿತ ಉಕ್ಕಿನ ಮಾದರಿಯೊಂದನ್ನು ಅಳೆದ ಅಂಕಿಯನ್ನೂ ವರದಿಯಲ್ಲಿ ಕೇಳಿ.

ಬಂದ ಅಂಕಿಗಳನ್ನು ಓದುವ ಬಗೆ ಹೀಗೆ. ಮ್ಯಾಂಗನೀಸ್ ಶೇ. 0.1ಕ್ಕಿಂತ ಕಡಿಮೆಯಿದ್ದು ರಂಜಕ ಎತ್ತರದಲ್ಲಿದ್ದರೆ ಅದು ಹಳೆಯ ಮೆದು ಕಬ್ಬಿಣದ ಲಕ್ಷಣ. ಸೂಕ್ಷ್ಮದರ್ಶಕದಲ್ಲಿ ಕಿಟ್ಟದ ಉದ್ದನೆಯ ಎಳೆಗಳು ಕಂಡರೆ ಮಾತು ಮುಗಿಯಿತು. ಮ್ಯಾಂಗನೀಸ್ ಶೇ. 0.3ರಿಂದ 0.9ರೊಳಗಿದ್ದು ಬೇರೆ ಮಿಶ್ರಲೋಹ ಗಣನೀಯವಾಗಿ ಇಲ್ಲದಿದ್ದರೆ ಸಾದಾ ಇಂಗಾಲದ ಉಕ್ಕು. ನಿಕ್ಕಲ್ ಶೇ. 3ರ ಮೇಲಿದ್ದರೆ ನಿಕ್ಕಲ್ ಸ್ಟೀಲ್. ವಿಂಚೆಸ್ಟರ್ ತನ್ನ 1912 ಮಾದರಿಯ ನಳಿಗೆಗಳ ಮೇಲೆ ಆ ಹೆಸರನ್ನೇ ಒತ್ತಿತ್ತು, 1930ರ ದಶಕದ ಆರಂಭದಲ್ಲಿ ಅದರ ಜಾಗಕ್ಕೆ ಕ್ರೋಮಿಯಂ-ಮಾಲಿಬ್ಡಿನಂನ ‘ಪ್ರೂಫ್ ಸ್ಟೀಲ್’ ಬಂತು. 1905ರ ಕೋವಿಯೆಂದು ಹೇಳಿ ಮಾರಿದ ನಳಿಗೆಯಲ್ಲಿ ಶೇ. 0.2ರಷ್ಟು ಮಾಲಿಬ್ಡಿನಂ, ಶೇ. 1ರಷ್ಟು ಕ್ರೋಮಿಯಂ ಕಂಡರೆ ನಳಿಗೆ ಬದಲಾಗಿದೆ ಅಥವಾ ಸ್ಲೀವ್ ಆಗಿದೆ. ರಾಸಾಯನಿಕ ಪರೀಕ್ಷೆಯ ದೊಡ್ಡ ಪ್ರಯೋಜನ ಇಂಥ ಕಡೆ.

ಇನ್ನೂ ಆಳಕ್ಕೆ ಹೋಗಲು ಸಾರಜನಕವಿದೆ. ಗಾಳಿ ಊದಿ ಉಕ್ಕು ಮಾಡುವ ಬೆಸಿಮರ್ ವಿಧಾನದಲ್ಲಿ ಸಾರಜನಕ ಶೇ. 0.01ರಿಂದ 0.02ರವರೆಗೆ ಉಳಿಯುತ್ತದೆ, ತೆರೆದೊಲೆಯ ಉಕ್ಕಿನಲ್ಲಿ ಅದು ಶೇ. 0.005ರ ಆಸುಪಾಸು. ಇದರ ಜೊತೆ ರಂಜಕವನ್ನಿಟ್ಟು ನೋಡಿದರೆ ಯಾವ ಬಗೆಯ ಒಲೆ ಎಂಬುದು ಸಾಕಷ್ಟು ಖಚಿತವಾಗುತ್ತದೆ. ಆದರೆ ಸಾರಜನಕ ಅಳೆಯಲು ಸುಮಾರು ಒಂದು ಗ್ರಾಂ ಗಟ್ಟಿ ತುಂಡು ಬೇಕು. ಬಳಸುವ ಕೋವಿಯಿಂದ ಅದನ್ನು ಕತ್ತರಿಸಬಾರದು. ಒಡೆದು ಹೋದ, ಗುಜರಿಗೆ ಬಿದ್ದ ಅದೇ ದರ್ಜೆಯ, ಹತ್ತಿರದ ಸರಣಿ ಸಂಖ್ಯೆಯ ನಳಿಗೆ ಸಿಕ್ಕರೆ ಅದರಿಂದ ತೆಗೆಸಿ, ಎರಡರ ಸಾದಾ ಫಲಿತಾಂಶಗಳನ್ನು ಹೋಲಿಸಿ ನೋಡಿ. ವರದಿಯಲ್ಲಿ ‘ಎಐಎಸ್‌ಐ 1020ಗೆ ಸಮಾನ’ (ಸಾದಾ ಇಂಗಾಲದ ಉಕ್ಕಿನ ಒಂದು ದರ್ಜೆ) ಎಂದು ಬರೆದಿದ್ದರೆ ಅದು ಇಂದಿನ ಓದುಗನ ಅನುಕೂಲಕ್ಕೆ ಕೊಟ್ಟ ಹೋಲಿಕೆ. ನಿಮ್ಮ ನಳಿಗೆಯನ್ನು ಆ ನಿರ್ದಿಷ್ಟತೆಗೆ ಅನುಗುಣವಾಗಿ ಮಾಡಿದ್ದರು ಎಂದಲ್ಲ. ಇಂಗಾಲದ ಅಂಕಿ ಹೊಂದಿದರೂ ಒಳಗಿನ ಕಿಟ್ಟ, ಗುಳ್ಳೆ, ಗಂಧಕದ ಗೆರೆಗಳಲ್ಲಿ ಅಂದಿನ ಉಕ್ಕು ಇಂದಿನದರ ಸಮ ಅಲ್ಲ.

ಇಂದಿನ ತೋಟಾ ಹಾಕುವ ಪ್ರಶ್ನೆಗೆ ಮೇಲಿನ ಯಾವುದೂ ಉತ್ತರ ಕೊಡುವುದಿಲ್ಲ. ಉಕ್ಕಿನ ಊರು ಗೊತ್ತಾಯಿತೆಂದು ನಳಿಗೆ ಗಟ್ಟಿಯಾಗುವುದಿಲ್ಲ. ನೂರು ವರ್ಷದಲ್ಲಿ ಒಳಗೆ ಎಷ್ಟು ತುಕ್ಕು ತಿಂದಿದೆ, ಅದನ್ನು ತೆಗೆಯಲೆಂದು ಯಾರು ಎಷ್ಟು ಉಜ್ಜಿ ತೆಳ್ಳಗಾಗಿಸಿದ್ದಾರೆ ಎಂಬುದೇ ತೀರ್ಮಾನಿಸುವ ಸಂಗತಿ. ಕೋವಿ ರಿಪೇರಿ ಬಲ್ಲವರಿಂದ ಗೋಡೆಯ ದಪ್ಪ ಅಳೆಯುವ ಗೇಜಿನಲ್ಲಿ ಬ್ರೀಚಿನಿಂದ ಬಾಯಿಯವರೆಗೆ ಇಂಚಿಗೊಮ್ಮೆ, ಸುತ್ತ ನಾಲ್ಕು ಕಡೆ ಅಳೆಸಿ. ಬ್ರಿಟಿಷ್ ಕೋವಿ ವ್ಯಾಪಾರದಲ್ಲಿ ನಳಿಗೆಯ ಅತಿ ತೆಳುವಾದ ಜಾಗದಲ್ಲೂ 0.020 ಇಂಚು ಕನಿಷ್ಠವೆಂಬ ರೂಢಿ ಇದೆ. ಅದನ್ನು ಗುರಿ ಎಂದು ತಿಳಿಯದೆ ದಾಟಬಾರದ ಗೆರೆ ಎಂದು ತಿಳಿಯಿರಿ. ತೋಟಾ ಕೋಣೆಯ ಉದ್ದವನ್ನೂ ಅಳೆಸಿ. ಆ ಕಾಲದ ಪಾರ್ಕರ್ 12 ಬೋರುಗಳಲ್ಲಿ ಅದು ಬಹಳ ಸಲ 2⅝ ಇಂಚು. ಇಂದಿನ 2¾ ಇಂಚಿನ ತೋಟಾದ ಬಾಯಿ ಬಿಚ್ಚಿಕೊಂಡು ಮುಂದಿನ ಇಳಿಜಾರಿಗೆ ಚಾಚಿದರೆ ಒತ್ತಡ ಏರುತ್ತದೆ. ಅಮೆರಿಕದ ಉದ್ಯಮ ಮಾನದಂಡ ಆ ತೋಟಾಕ್ಕೆ ಚದರ ಇಂಚಿಗೆ 11,500 ಪೌಂಡಿನವರೆಗೆ ಒತ್ತಡ ಒಪ್ಪುತ್ತದೆ. ಇಂಥ ಕೋವಿಗೆ ಬೇಕಾದದ್ದು ಅದಕ್ಕಿಂತ ಬಹಳ ಕೆಳಗಿನ, ಒತ್ತಡದ ಅಂಕಿಯನ್ನು ಸ್ಪಷ್ಟವಾಗಿ ಕೊಟ್ಟಿರುವ ಹಗುರ ತೋಟಾ. ಉಕ್ಕಿನ ಚರೆ ಬೇಡವೇ ಬೇಡ, ಸೀಸದಂತೆ ಅದು ಚೋಕಿನಲ್ಲಿ ಹಿಸುಕಿಕೊಳ್ಳುವುದಿಲ್ಲ. ಇನ್ನು 20 ಬೋರಿನ ತೋಟಾ 12 ಬೋರಿನೊಂದಿಗೆ ಒಂದೇ ಜೇಬಿನಲ್ಲಿ ಎಂದೂ ಇರಕೂಡದು. ಅದು ಕೋಣೆ ದಾಟಿ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ, ಕೋಣೆ ಖಾಲಿ ಕಾಣುತ್ತದೆ, ಹಿಂದೆ ಇನ್ನೊಂದು ತೋಟಾ ಹಾಕಿ ಹಾರಿಸಿದರೆ ಎಂಥ ಹೊಸ ಉಕ್ಕಿನ ನಳಿಗೆಯೂ ಸಿಡಿಯುತ್ತದೆ. ಸಿಡಿದ ಹಳೆಯ ನಳಿಗೆ ಕಂಡಾಗ ಉಕ್ಕನ್ನು ಬೈಯುವ ಮೊದಲು ನಳಿಗೆಯಲ್ಲಿ ಏನಾದರೂ ಸಿಕ್ಕಿಕೊಂಡಿತ್ತೇ ಎಂದು ನೋಡಬೇಕು. ಸಿಕ್ಕಿಕೊಂಡದ್ದರಿಂದ ಆದ ಒಡೆತ ಆ ಜಾಗದಲ್ಲಿ ಉಂಗುರದಂತೆ ಉಬ್ಬಿ ಬಿರಿದಿರುತ್ತದೆ.

ಪರೀಕ್ಷೆಗೆ ಕಳಿಸುವಾಗ ನಳಿಗೆಗಳನ್ನು ಮಾತ್ರ ಕಳಿಸಿ. ಅಮೆರಿಕದ ಒಕ್ಕೂಟ ಕಾಯ್ದೆಯ ಲೆಕ್ಕದಲ್ಲಿ ಬಂದೂಕು ಎಂದರೆ ಆಕ್ಷನ್ ಇರುವ ಭಾಗ, ಬಿಡಿ ನಳಿಗೆ ಅಲ್ಲ. ನಿಮ್ಮ ರಾಜ್ಯದ ನಿಯಮವನ್ನು ಒಮ್ಮೆ ನೋಡಿಕೊಳ್ಳಿ. ಊರಿನಲ್ಲಿರುವ ಬಂಧುಗಳು ತಮ್ಮ ಮನೆಯ ಕೋವಿಗೂ ಹೀಗೆ ಮಾಡಿಸಬಹುದೇ ಎಂದು ಕೇಳಿದರೆ, ಭಾರತದಲ್ಲಿ 1959ರ ಶಸ್ತ್ರ ಕಾಯ್ದೆ ಬಿಡಿಭಾಗಗಳನ್ನೂ ಶಸ್ತ್ರವೆಂದೇ ಎಣಿಸುತ್ತದೆ ಎಂದು ಹೇಳಿ. ಅಲ್ಲಿ ಪರವಾನಗಿ ಇರುವ ಕೋವಿ ವ್ಯಾಪಾರಿಯ ಮೂಲಕ, ಪರವಾನಗಿ ಪತ್ರದ ಜೊತೆಗೇ ಮುಂದುವರಿಯಬೇಕು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದ್ದರೂ, ಕೋವಿಯನ್ನೋ ಅದರ ಭಾಗವನ್ನೋ ಬೇರೆ ಊರಿನ ಲ್ಯಾಬಿಗೆ ಸಾಗಿಸುವ ಮೊದಲು ಜಿಲ್ಲಾಡಳಿತವನ್ನು ಕೇಳುವುದು ಒಳ್ಳೆಯದು. ಅಲ್ಲಿಯ ಮನೆಗಳಲ್ಲಿ ಇಂಗ್ಲಿಷ್ ಅಥವಾ ಬೆಲ್ಜಿಯಂ ಕೋವಿ ಇದ್ದರೆ ಕೆಲಸ ನಿಮ್ಮದಕ್ಕಿಂತ ಸುಲಭ. ಎರಡೂ ದೇಶಗಳಲ್ಲಿ ಪ್ರೂಫ್ ಕಡ್ಡಾಯವಾಗಿದ್ದದ್ದರಿಂದ ಪ್ರೂಫ್ ಮುದ್ರೆಯಿಂದಲೇ ಆರಂಭಿಸಬಹುದು.

ನಿಮ್ಮ ಕೋವಿಗೆ ನಾನು ಹೇಳುವ ಕ್ರಮ: ಈ ವಾರ ಮೂರು ಸಂಖ್ಯೆಗಳನ್ನು ಹೋಲಿಸಿ, ಹಿಡಿಯ ಅಡಿಯ ಫೋಟೊ ತೆಗೆಯಿರಿ, ಸಂಘಕ್ಕೆ ಪತ್ರ ಬರೆಯಿರಿ. ಮುದ್ರೆ ಸಿಕ್ಕರೆ ಲ್ಯಾಬಿನ ಖರ್ಚು ಬೇಡ. ಸಿಗದಿದ್ದರೆ, ನಳಿಗೆ ಮೂಲದ್ದೆಂದು ಪತ್ರ ಹೇಳಿದ ಮೇಲೆ, ಲಿಬ್ಸ್ ಪರೀಕ್ಷೆಯೊಂದನ್ನು ಮಾಡಿಸಿ. ದಾಖಲೆಯಲ್ಲಿ ಕಣ್ಣಿಗೆ ಕಂಡದ್ದು, ಕಾಗದದಲ್ಲಿ ಸಿಕ್ಕದ್ದು, ನೀವು ಊಹಿಸಿದ್ದು ಎಂದು ಮೂರು ಸಾಲು ಬೇರೆ ಬೇರೆ ಬರೆಯಿರಿ. ‘ಪಾರ್ಕರ್ ವಿಎಚ್, ಪಟ್ಟಿಯ ಮೇಲೆ ವಲ್ಕನ್ ಸ್ಟೀಲ್, ನಳಿಗೆ ಮೂಲದ್ದು, ಆರ್ಡರ್ ಪುಸ್ತಕದ ಪ್ರಕಾರ, ಸಾದಾ ಇಂಗಾಲದ ಉಕ್ಕು, ಲಿಬ್ಸ್ ಪ್ರಕಾರ, ಕೊಳವೆ ತಯಾರಕನ ಮುದ್ರೆ ಇಲ್ಲ’ ಎಂದು ನಿಂತರೂ ಅದು ಪೂರ್ಣ ದಾಖಲೆ. ಮುಂದೆ ಅದೇ ಸರಣಿಯ ಇನ್ನೊಂದು ಕೋವಿಯಲ್ಲಿ ಯಾರಿಗಾದರೂ ಮುದ್ರೆ ಸಿಕ್ಕಾಗ ಅವರು ಹೋಲಿಸಿ ನೋಡುವುದು ನಿಮ್ಮ ಈ ಸಾಲುಗಳ ಜೊತೆಗೇ.